ಹೊಸ ಚೈನು ಹಾಕಿಸಿದ ಮೇಲೂ ಜಾರುತ್ತಿದೆ, ಸೈಕಲ್ಲನ್ನೇ ಬದಲಿಸಬೇಕೇ?

ತುಂಗೆಯ ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ವಯಸ್ಸು 46, ತೂಕ 78 ಕೆ.ಜಿ. ಮೂರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಒಬ್ಬರು ಸ್ವಲ್ಪ ಕಾಲ ಬಳಸಿ ಮೂಲೆಗಿಟ್ಟಿದ್ದ ಹೈಬ್ರಿಡ್ ಸೈಕಲ್ಲನ್ನು ಕೊಂಡೆ. ಅಲ್ಯೂಮಿನಿಯಂ ಫ್ರೇಮು, 700ಸಿ ಚಕ್ರಗಳು, ಮುಂದೆ ಪೆಡಲಿನ ಬಳಿ 48, 38, 28 ಹಲ್ಲುಗಳ ಮೂರು ಚೈನ್‌ರಿಂಗು, ಹಿಂದೆ 11ರಿಂದ 32 ಹಲ್ಲಿನವರೆಗಿನ ಎಂಟು ಗೇರಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು), ಸ್ಪ್ರಿಂಗ್ ಇರುವ ಫೋರ್ಕು, ಕೇಬಲ್‌ನಿಂದ ಎಳೆಯುವ ಡಿಸ್ಕ್ ಬ್ರೇಕು. ಶಾಲೆಗೆ ಹೋಗಿಬರಲು ದಿನಕ್ಕೆ 22 ಕಿ.ಮೀ. ಆಗುತ್ತದೆ. ಭಾನುವಾರ ಒಮ್ಮೊಮ್ಮೆ ಆಗುಂಬೆಯವರೆಗೆ ಹೋಗುತ್ತೇನೆ. ಮೈಯಲ್ಲಿ ಕಸುವಿದ್ದ ದಿನ ಘಾಟಿ ಇಳಿದು, ಸೋಮೇಶ್ವರದಲ್ಲಿ ಚಹಾ ಕುಡಿದು, ಅದೇ 14 ತಿರುವುಗಳನ್ನು ಮತ್ತೆ ಹತ್ತಿ ಬರುವುದೂ ಉಂಟು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಏರಿನಲ್ಲಿ ಗೇರು ಬದಲಿಸುವಾಗ ಚೈನು ತಡವರಿಸತೊಡಗಿತು. ಅಂಗಡಿಯವರು ನೋಡಿ, ಚೈನು ಹೋಗಿದೆ ಎಂದು ಹೊಸದು ಹಾಕಿದರು. ಆದರೆ ಹೊಸ ಚೈನು ಬಂದ ಮೇಲೆ ತೊಂದರೆ ಹೆಚ್ಚಾಯಿತು. ಸಮತಟ್ಟಿನಲ್ಲಿ ಏನೂ ಇಲ್ಲ. ಸೀಟಿನಿಂದ ಎದ್ದು ತುಳಿದ ಕೂಡಲೇ ಹಿಂದಿನ ಚಕ್ರದ ಬಳಿ ಕಟಕ್ ಎಂದು ಚೈನು ಜಾರಿ, ಕಾಲು ಒಮ್ಮೆಗೇ ಕೆಳಗೆ ಹೋಗುತ್ತದೆ. ಕಳೆದ ವಾರ ಹೀಗೆಯೇ ಆಗಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ಊದಿಕೊಂಡಿತ್ತು. ಈಗ ಅಂಗಡಿಯವರು, ಇದು ಹಳೆಯದಾಯಿತು, ಹೊಸ ಸೈಕಲ್ಲು ತೆಗೆದುಕೊಳ್ಳಿ ಎನ್ನುತ್ತಾರೆ.

ನನ್ನ ಆರೈಕೆಯಲ್ಲಿ ತಪ್ಪಿದೆಯೋ ಎಂಬ ಅನುಮಾನವೂ ಇರುವುದರಿಂದ ಮುಚ್ಚಿಡದೆ ಹೇಳುತ್ತೇನೆ. ಮಳೆಯಲ್ಲಿ ಹೋಗಿಬಂದ ವಾರಾಂತ್ಯಗಳಲ್ಲಿ ಸ್ಕೂಟರುಗಳಿಗೆ ನೀರು ಹೊಡೆಯುವ ಸರ್ವಿಸ್ ಸ್ಟೇಷನ್ನಿಗೆ ಒಯ್ದು ಇಡೀ ಸೈಕಲ್ಲಿಗೆ ಒತ್ತಡದ ನೀರು ಹೊಡೆಸುತ್ತಿದ್ದೆ. ಅಲ್ಲಿಯೇ ಸಿಗುತ್ತಿದ್ದ, ಸ್ಕೂಟರಿನಿಂದ ಇಳಿಸಿದ ಎಂಜಿನ್ ಆಯಿಲನ್ನು ಚೈನಿಗೆ ಧಾರಾಳವಾಗಿ ಬಿಡುತ್ತಿದ್ದೆ. ಈ ಮೂರು ವರ್ಷದಲ್ಲಿ ಚೈನು ಬದಲಿಸಿದ್ದು ಇದೇ ಮೊದಲು.

ಎರಡನೆಯ ಪ್ರಶ್ನೆ: ಮುಂದಿನ ಚಳಿಗಾಲದಲ್ಲಿ 200 ಕಿ.ಮೀ.ಯ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಒಂದನ್ನು ಮುಗಿಸಬೇಕೆಂಬ ಆಸೆಯಿದೆ. ಜೊತೆಗೆ ಸ್ನೇಹಿತರ ಅಡಿಕೆ, ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಸುತ್ತುವುದೂ ಇಷ್ಟ. ಸಹೋದ್ಯೋಗಿಯೊಬ್ಬರು ರೋಡ್ ಬೈಕೇ ಆಗಬೇಕೆನ್ನುತ್ತಾರೆ. ಅಕ್ಕನ ಮಗ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಮೌಂಟನ್ ಬೈಕು ಎನ್ನುತ್ತಾನೆ. ಹೆಚ್ಚೆಂದರೆ 60 ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ಅನುಭವಿಗಳು ದಾರಿ ತೋರಿಸಬೇಕು.

ಹಳೇ ಫ್ರೀವೀಲ್

ಮೇಷ್ಟ್ರೇ, ಮೊದಲು ಮೊಣಕಾಲು ನೋಡಿಕೊಳ್ಳಿ. ಜಾರುವುದು ನಿಲ್ಲುವವರೆಗೆ ಎದ್ದು ತುಳಿಯಬೇಡಿ. ನೀವು ಬರೆದುದನ್ನು ಓದಿದರೆ ಸೈಕಲ್ಲಿಗೆ ಬಂದಿರುವುದು ಮುಪ್ಪಲ್ಲ, ಅರ್ಧಕ್ಕೆ ನಿಂತ ರಿಪೇರಿ. ಹೊಸ ಚೈನನ್ನು ಸವೆದ ಕ್ಯಾಸೆಟ್ಟಿನ ಮೇಲೆ ಕೂರಿಸಿದ್ದಾರೆ, ಅಷ್ಟೆ.

ಚೈನು ಹಿಗ್ಗಿತು ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ. ಕೊಂಡಿಗಳನ್ನು ಹಿಡಿದಿರುವ ಪಿನ್ನೂ ಅದು ಕೂತ ತೂತೂ ಸವೆದು, ಒಂದೊಂದು ಕೀಲಿನಲ್ಲಿಯೂ ಕೂದಲೆಳೆಯಷ್ಟು ಸಡಿಲ ಹುಟ್ಟುತ್ತದೆ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., ಅಂದರೆ ಸರಿಯಾಗಿ ಅರ್ಧ ಅಂಗುಲ. ಸವೆದ ಚೈನಿನಲ್ಲಿ ಈ ಅಂತರ ಹೆಚ್ಚಾಗಿರುವುದರಿಂದ ಅದು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರಿ ಕೂರುತ್ತದೆ, ತನ್ನ ಅಳತೆಗೆ ತಕ್ಕಂತೆ ಹಲ್ಲನ್ನೂ ತೇದು ಕೊಕ್ಕೆಯ ಆಕಾರಕ್ಕೆ ತರುತ್ತದೆ. ಹಳೆಯ ಚೈನು, ಹಳೆಯ ಹಲ್ಲು ಎರಡೂ ಒಟ್ಟಿಗೆ ಕೆಟ್ಟಿರುವುದರಿಂದ ಹೇಗೋ ಹೊಂದಿಕೊಂಡು ಓಡುತ್ತಿರುತ್ತವೆ. ಅಲ್ಲಿಗೆ ಸರಿಯಳತೆಯ ಹೊಸ ಚೈನು ಬಂದರೆ ಅದಕ್ಕೆ ಆ ಹಲ್ಲುಗಳಲ್ಲಿ ಜಾಗವೇ ಸಿಗುವುದಿಲ್ಲ. ಭಾರ ಬಿದ್ದೊಡನೆ ಹಲ್ಲು ಹತ್ತಿ ದಾಟಿಬಿಡುತ್ತದೆ.

ನನ್ನ ಮಾತನ್ನು ನಂಬುವುದಕ್ಕಿಂತ ನೀವೇ ಅಳೆದು ನೋಡುವುದು ಮೇಲು. ಅಂಗುಲದ ಗೆರೆಗಳಿರುವ ಉಕ್ಕಿನ ಸ್ಕೇಲು ಶಾಲೆಯಲ್ಲಿ ಇದ್ದೇ ಇರುತ್ತದೆ; ಪ್ಲಾಸ್ಟಿಕ್ಕಿನದು ಬೇಡ. ಹಳೆಯ ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನು ತಾಳೆಮಾಡಿ, ಅಲ್ಲಿಂದ 24ನೆಯ ಪಿನ್ನು ಎಲ್ಲಿ ಬರುತ್ತದೆಂದು ನೋಡಿ. ಹೊಸದಾದರೆ ಅದು 12 ಅಂಗುಲದ ಗೆರೆಯ ಮೇಲೆಯೇ ಇರುತ್ತದೆ. ಒಂದೂವರೆ ಮಿ.ಮೀ. ಮುಂದಿದ್ದರೆ ಶೇ. 0.5 ಸವೆದಿದೆ ಎಂದರ್ಥ. ಆಗ ಚೈನು ಮಾತ್ರ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ. ನಿಮ್ಮ ಎಂಟು ಗೇರಿನ ದಪ್ಪ ಚೈನನ್ನು ಶೇ. 0.75ರವರೆಗೂ ಓಡಿಸಬಹುದು, 11, 12 ಗೇರಿನ ತೆಳು ಚೈನುಗಳಿಗೆ ಆ ರಿಯಾಯಿತಿ ಇಲ್ಲ. ಮೂರು ಮಿ.ಮೀ. ದಾಟಿದ್ದರೆ, ಅಂದರೆ ಶೇ. 1 ಮೀರಿದ್ದರೆ, ಕ್ಯಾಸೆಟ್ಟಿನ ಆಸೆ ಬಿಡಬೇಕು.

ಹಾಗೆಂದು ಜಾರುವುದಕ್ಕೆಲ್ಲ ಹಲ್ಲೇ ಕಾರಣವೆಂದು ಹೇಳಲಾಗದು. ನಿಮ್ಮ ಚೈನು ಯಾವ ಗೇರಿನಲ್ಲಿ ಜಾರುತ್ತದೆ ಎಂಬುದನ್ನು ಬರೆದಿಲ್ಲ. ನೀವು ಹೆಚ್ಚು ಬಳಸುವ ಎರಡು ಮೂರು ಗೇರುಗಳಲ್ಲಿ ಮಾತ್ರ, ಅದೂ ಭಾರ ಬಿದ್ದಾಗ ಮಾತ್ರ ಜಾರಿದರೆ ಹಲ್ಲಿನ ಸವೆತವೇ. ಯಾವ ಗೇರಿನಲ್ಲಿದ್ದರೂ ಸುಮಾರು ಮೂರು ಪೆಡಲು ಸುತ್ತಿಗೊಮ್ಮೆ ತಪ್ಪದೆ ಎಗರಿದರೆ, ಹೊಸ ಚೈನನ್ನು ಜೋಡಿಸುವಾಗ ಒಂದು ಕೊಂಡಿ ಬಿಗಿಯಾಗಿ ಉಳಿದಿದೆ. 110 ಕೊಂಡಿಗಳ ಚೈನು 38 ಹಲ್ಲಿನ ರಿಂಗಿನಲ್ಲಿ ಒಂದು ಪೂರ್ತಿ ಸುತ್ತು ಬರಲು ಅಷ್ಟೇ ಪೆಡಲು ಬೇಕಾಗುವುದರಿಂದ ಈ ಲೆಕ್ಕ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಆ ಕೊಂಡಿ, ಗೇರು ಬದಲಿಸುವ ಡಿರೇಲರಿನ ಪುಟ್ಟ ಗಾಲಿಯನ್ನು ದಾಟುವಾಗ ಗೂನು ಬೆನ್ನಿನಂತೆ ಎದ್ದು ಕಾಣುತ್ತದೆ. ಭಾರವಿಲ್ಲದೆಯೂ ಗೇರು ತಾನಾಗಿ ಪಕ್ಕಕ್ಕೆ ಹಾರಿದರೆ ಕೇಬಲ್ ಸಡಿಲವಾಗಿದೆ, ಇಲ್ಲವೇ ಡಿರೇಲರ್ ನೇತುಬಿದ್ದಿರುವ ಹ್ಯಾಂಗರ್ ಬಾಗಿದೆ.

ಇನ್ನು ಆರೈಕೆಯ ವಿಷಯ. ಎಂಜಿನ್ನಿನಿಂದ ಇಳಿಸಿದ ಆಯಿಲಿನಲ್ಲಿ ಲೋಹದ ಸಣ್ಣ ಪುಡಿಯಿರುತ್ತದೆ. ಮೇಲಾಗಿ ಅದು ದಪ್ಪ, ಅಂಟು. ರಸ್ತೆಯ ಕೆಂಪು ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಅರೆಯುವ ಹಿಟ್ಟಾಗುತ್ತದೆ. ನೀವು ಮೂರು ವರ್ಷ ಚೈನಿಗೆ ಹಾಕಿದ್ದು ಎಣ್ಣೆಯಲ್ಲ, ಗಾರೆ ಎನ್ನಬೇಕು. ಹೊಲಿಗೆ ಯಂತ್ರದ ಎಣ್ಣೆ ಶುದ್ಧವಾದರೂ ತೀರ ತೆಳು, ನಿಮ್ಮ ಕಡೆಯ ಒಂದು ಮಳೆಗೆ ತೊಳೆದುಹೋಗುತ್ತದೆ. (ತೆಂಗಿನೆಣ್ಣೆ ಹಾಕುವವರನ್ನೂ ನಾನು ಕಂಡಿದ್ದೇನೆ. ಚೈನು ಒಂದು ದಿನ ಘಮಘಮಿಸುತ್ತದೆ, ಆಮೇಲೆ ಜಿಡ್ಡುಗಟ್ಟುತ್ತದೆ.) ಸೈಕಲ್ ಚೈನಿಗೆಂದೇ ಬರುವ ಮಳೆಗಾಲದ ಲೂಬ್ ಒಂದು ಪುಟ್ಟ ಬಾಟಲಿ ಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. ಚೈನನ್ನು ಬಣ್ಣದ ಅಂಗಡಿಯ ಟರ್ಪೆಂಟೈನಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಳಮೈಯಿಂದ ಒಂದೊಂದು ರೋಲರಿಗೆ ಒಂದೊಂದೇ ಹನಿ ಬಿಡಿ. ಪೆಡಲನ್ನು ಹಿಂದಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಹಳೆಯ ಬನಿಯನ್ ಬಟ್ಟೆಯಿಂದ ಹೊರಮೈ ಒಣಗುವಂತೆ ಒರೆಸಿ. ಎಣ್ಣೆ ಬೇಕಾದದ್ದು ರೋಲರಿನ ಒಳಗೆ. ಹೊರಗೆ ಹೊಳೆಯುವ ಎಣ್ಣೆ ಧೂಳಿಗೆ ಆಹ್ವಾನ.

ಒತ್ತಡದ ನೀರನ್ನಂತೂ ಇಂದೇ ಬಿಡಿ. ಹಬ್ಬು, ಪೆಡಲು, ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್, ಹ್ಯಾಂಡಲ್ಲಿನ ಬುಡ, ಇವುಗಳ ಬೇರಿಂಗಿನಲ್ಲಿರುವ ಗ್ರೀಸನ್ನು ಅದು ಹೊರಗೆ ತಳ್ಳಿ ಆ ಜಾಗದಲ್ಲಿ ಮಣ್ಣುನೀರನ್ನು ತುಂಬಿಸುತ್ತದೆ. ಒಂದು ಬಕೆಟ್ ನೀರು, ಮೆತ್ತನೆಯ ಬ್ರಷ್ಷು ಸಾಕು.

ತುಂಗೆಯ ದಡ

ತುಂಬ ಉಪಕಾರವಾಯಿತು. ಹಳೆಯ ಚೈನನ್ನು ಅಂಗಡಿಯವರು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು, ಅದೃಷ್ಟಕ್ಕೆ ಎಸೆದಿರಲಿಲ್ಲ. 24 ಕೊಂಡಿಗಳಿಗೆ ಸ್ಕೇಲಿನಲ್ಲಿ ಸುಮಾರು 4 ಮಿ.ಮೀ. ಮುಂದೆ ಬಂತು. ಕಣ್ಣಳತೆಯಲ್ಲಿ ತಪ್ಪಿರಬಹುದೆಂದು ಹೊಸ ಚೈನಿನ ಕ್ವಿಕ್ ಲಿಂಕ್ ಬಿಚ್ಚಿ, ಎರಡನ್ನೂ ಒಂದೇ ಮೊಳೆಗೆ ಜೋತುಹಾಕಿದೆ. ಎರಡರಲ್ಲಿಯೂ 110 ಕೊಂಡಿಗಳು. ಹಳೆಯದರ ತುದಿ ಹೊಸದಕ್ಕಿಂತ 18 ಮಿ.ಮೀ. ಕೆಳಗೆ ಬಂದು ನಿಂತಿತು. 1397 ಮಿ.ಮೀ.ಗೆ 18 ಎಂದರೆ ಶೇ. 1.29. ಜಾರುವುದು ಹಿಂದಿನ ಮೂರು, ನಾಲ್ಕು, ಐದನೆಯ ಗೇರುಗಳಲ್ಲಿ ಮಾತ್ರ. ಶಾಲೆಯ ದಾರಿಯಲ್ಲಿ ನಾನು ಇವುಗಳನ್ನು ಬಿಟ್ಟು ಬೇರೆ ಬಳಸುವುದೇ ಇಲ್ಲ.

ಹಳೇ ಫ್ರೀವೀಲ್

ಹಾಗಿದ್ದರೆ ತೀರ್ಪು ನೀವೇ ಕೊಟ್ಟಂತಾಯಿತು. ಎಂಟು ಗೇರಿನ, 11-32ರ ಕ್ಯಾಸೆಟ್ ಒಂದನ್ನು ಹಾಕಿಸಿ; ಹೊಸ ಸೈಕಲ್ಲಿನ ಬೆಲೆಯ ಮುಂದೆ ಇದು ಚಿಲ್ಲರೆ ಹಣ. ಮುಂದಿನ 38ರ ರಿಂಗಿನ ಹಲ್ಲುಗಳನ್ನೂ ನೋಡಿ. ಅಲೆಯಂತೆ ಒಂದೇ ಕಡೆಗೆ ವಾಲಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ, ಆದರೆ ಹೆಚ್ಚು ಹಲ್ಲುಗಳ ಮೇಲೆ ಭಾರ ಹಂಚಿಹೋಗುವುದರಿಂದ ಮುಂದಿನ ರಿಂಗು ಹಿಂದಿನದಕ್ಕಿಂತ ನಿಧಾನವಾಗಿ ಸವೆಯುತ್ತದೆ. ವರ್ಷಕ್ಕೆ ನೀವು ಐದು ಸಾವಿರ ಕಿ.ಮೀ. ತುಳಿಯುತ್ತೀರಿ ಎಂದಿಟ್ಟುಕೊಂಡರೂ, ನಿಮ್ಮ ಮಳೆಗೆ ವರ್ಷಕ್ಕೊಂದು ಚೈನು ಹೆಚ್ಚೇನಲ್ಲ. ತಿಂಗಳಿಗೊಮ್ಮೆ ಸ್ಕೇಲು ಹಿಡಿಯಿರಿ.

ಎರೆಹೊಲ

ನಾನು ವಿಜಯಪುರದವನು. ನಮ್ಮಲ್ಲಿ ಸೈಕಲ್ ಸ್ಪರ್ಧೆಯ ಹುಚ್ಚು ಹಳೆಯದು, ಆದರೆ ಮಣ್ಣು ಬೇರೆ, ಮಳೆ ಬೇರೆ. ಹೀಗಾಗಿ ಚೈನಿನ ಬಗ್ಗೆ ಮಲೆನಾಡಿನವರಿಗೆ ಪಾಠ ಹೇಳುವುದಿಲ್ಲ. ಟೈರಿನ ಬಗ್ಗೆ ಮಾತ್ರ ಎರಡು ಮಾತು.

ಮೇಷ್ಟ್ರು ಒಂದೇ ಸೈಕಲ್ಲಿನಲ್ಲಿ ಬ್ರೆವೆ, ತೋಟದ ದಾರಿ ಎರಡನ್ನೂ ಮಾಡಬೇಕೆಂದಿದ್ದಾರೆ. ರೋಡ್ ಬೈಕಿನ 700ಸಿ ಚಕ್ರಕ್ಕೂ 29 ಅಂಗುಲದ್ದೆಂದು ಮಾರುವ ಮೌಂಟನ್ ಬೈಕಿನ ಚಕ್ರಕ್ಕೂ ಟೈರು ಕೂರುವ ವ್ಯಾಸ ಒಂದೇ, 622 ಮಿ.ಮೀ. ಹೆಸರು ಎರಡಾದ್ದರಿಂದ ಅಂಗಡಿಯಲ್ಲಿ ಬಹಳ ಜನ ಗಲಿಬಿಲಿಗೊಳ್ಳುತ್ತಾರೆ. ಟೈರಿನ ಪಕ್ಕದಲ್ಲಿ 32-622, 40-622 ಎಂದು ಅಚ್ಚೊತ್ತಿರುವ ಸಂಖ್ಯೆಯನ್ನೇ ನೋಡಿ ಕೊಳ್ಳಬೇಕು. ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ವ್ಯಾಸ. ಈ ಹೈಬ್ರಿಡ್ಡಿಗೇ ರಸ್ತೆಗೆಂದು ನುಣುಪಾದ 32ರ ಜೊತೆಯೊಂದು, ಮಣ್ಣಿಗೆಂದು ಕಚ್ಚುಗಳಿರುವ 40ರ ಜೊತೆಯೊಂದು ಇಟ್ಟುಕೊಂಡರೆ ಎರಡು ಸೈಕಲ್ಲು ಇದ್ದಂತೆಯೇ. ಕೊಳ್ಳುವ ಮೊದಲು ಫ್ರೇಮಿನ ಹಿಂಗವಲಿನಲ್ಲಿ 40ರ ಟೈರಿನ ಎರಡೂ ಪಕ್ಕ ಬೆರಳಿನ ಅರ್ಧದಷ್ಟಾದರೂ ಜಾಗ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ. ನಮ್ಮ ಎರೆಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಆ ಜಾಗವಿಲ್ಲದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದವನು ನಾನು. ಚಕ್ರ ತಿರುಗುವುದೇ ನಿಂತುಹೋಗಿತ್ತು.

ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬುವ ಅಭ್ಯಾಸವನ್ನೂ ಬಿಡಿ. 78 ಕೆ.ಜಿ. ತೂಕಕ್ಕೆ 32ರ ಟೈರಿನಲ್ಲಿ ಹಿಂದೆ 60ರಿಂದ 65 ಪಿಎಸ್‌ಐ, ಮುಂದೆ ಅದಕ್ಕಿಂತ ನಾಲ್ಕೈದು ಕಡಿಮೆ ಇಟ್ಟು ನೋಡಿ. ಒರಟು ರಸ್ತೆಯಲ್ಲಿ ಬಿಗಿದ ಟೈರು ಪುಟಿಯುತ್ತದೆ, ಪುಟಿದಷ್ಟೂ ನಿಮ್ಮ ಶಕ್ತಿ ವ್ಯರ್ಥ.

ಪಂಕ್ಚರ್ ಆದಾಗ ಟ್ಯೂಬು ಬದಲಿಸಿ ಹೊರಟುಬಿಡುವುದು ಎಲ್ಲರೂ ಮಾಡುವ ತಪ್ಪು. ನಮ್ಮಲ್ಲಿ ನೆಗ್ಗಿಲುಮುಳ್ಳು ರಸ್ತೆಯ ಅಂಚಿನಲ್ಲೆಲ್ಲ ಹರಡಿರುತ್ತದೆ. ಜಾಲಿಮುಳ್ಳಾದರೆ ಬುಡ ಮುರಿದು ತುದಿ ಟೈರಿನೊಳಗೇ ಉಳಿಯುತ್ತದೆ, ಹೊಸ ಟ್ಯೂಬನ್ನೂ ಹತ್ತು ನಿಮಿಷದಲ್ಲಿ ಚುಚ್ಚುತ್ತದೆ. ನಾನು ಟೈರು ಹಾಕುವಾಗಲೇ ಅದರ ಕಂಪನಿಯ ಹೆಸರು ಟ್ಯೂಬಿನ ವಾಲ್ವಿಗೆ ನೇರವಾಗಿ ಬರುವಂತೆ ಕೂರಿಸುತ್ತೇನೆ. ಪಂಕ್ಚರ್ ಆದ ಟ್ಯೂಬನ್ನು ಊದಿ, ತೂತು ವಾಲ್ವಿನಿಂದ ಎಷ್ಟು ಗೇಣಿಗಿದೆ ಎಂದು ನೋಡಿ, ಟೈರಿನಲ್ಲಿ ಅಷ್ಟೇ ದೂರ ಅಳೆದರೆ ಮುಳ್ಳು ಅಲ್ಲಿಯೇ ಸಿಗುತ್ತದೆ. ಬೆರಳಿಗೆ ಸಿಗದಷ್ಟು ಸಣ್ಣದಾದರೆ ಟೈರಿನ ಒಳಮೈಯಲ್ಲಿ ಒಂದಿಷ್ಟು ಹತ್ತಿಯನ್ನು ಸವರಿಕೊಂಡು ಹೋಗಿ. ಮುಳ್ಳಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ತೂತು ಮುಚ್ಚುವ ದ್ರವ, ಅಂದರೆ ಸೀಲೆಂಟ್, ಹಾಕಿಸಿದರೆ ನೆಗ್ಗಿಲುಮುಳ್ಳಿನ ಕಾಟ ಬಹುಪಾಲು ತಪ್ಪುತ್ತದೆ ಎಂಬುದು ನಿಜ. ಆದರೆ ರಿಮ್ಮೂ ಟೈರೂ ಅದಕ್ಕೆಂದೇ ಮಾಡಿದವಾಗಿರಬೇಕು, ಸೀಲೆಂಟ್ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುವುದರಿಂದ ಮತ್ತೆ ಮತ್ತೆ ತುಂಬಿಸಬೇಕು. ಹಳೆಯ ಹೈಬ್ರಿಡ್ಡಿನ ರಿಮ್ಮಿಗೆ ಅಷ್ಟು ರಗಳೆ ಬೇಡವೆಂದು ನನ್ನ ಅಭಿಪ್ರಾಯ.

ಗಿರಿಯಂಚು

ಎರೆಹೊಲ ಅವರ ಮಾತನ್ನು ರಸ್ತೆಯ ಮಟ್ಟಿಗೆ ಒಪ್ಪುತ್ತೇನೆ, ತೋಟದ ಮಟ್ಟಿಗೆ ಒಪ್ಪಲಾರೆ. ನಾನು ಮೂಡಿಗೆರೆ ಕಡೆಯ ಕಾಫಿ ತೋಟದವಳು. ಹನ್ನೆರಡು ವರ್ಷದಿಂದ ಇಲ್ಲಿಯೇ ಮೌಂಟನ್ ಬೈಕು ತುಳಿಯುತ್ತಿದ್ದೇನೆ. ಮೇಷ್ಟ್ರು ಹೇಳುವ ದಾರಿ ಜೀಪು ಓಡಾಡುವ ದಾರಿಯಾದರೆ 40ರ ಟೈರು ಸಾಕು. ಒಣಗಿದ ಎಲೆಯ ಕೆಳಗೆ ಬೇರು, ಬೇರಿನ ಪಕ್ಕ ಚರಂಡಿ, ಅದರಾಚೆ ಇಳಿಜಾರು ಎಂಬಂಥ ಕಾಲುದಾರಿಯಾದರೆ 2.2 ಅಂಗುಲದ ಟೈರಿಗಿಂತ ಕಡಿಮೆಯದರಲ್ಲಿ ಹೋಗುವುದು ಧೈರ್ಯವಲ್ಲ, ಹಟ.

ಆದರೂ ಅಕ್ಕನ ಮಗನ ಸಲಹೆ ಬೇಡ. ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ಲಿನಲ್ಲಿ ಹಿಂದಿನ ಪ್ರತಿಯೊಂದು ಕೀಲಿಗೂ ಬೇರಿಂಗಿದೆ, ಶಾಕಿಗೂ ಫೋರ್ಕಿಗೂ ಸೀಲುಗಳಿವೆ. ಒಳ್ಳೆಯ ಫೋರ್ಕನ್ನು ಸುಮಾರು 50 ಗಂಟೆ ಓಡಿಸಿದ ಮೇಲೆ ಕೆಳಗಿನ ಕಾಲು ಬಿಚ್ಚಿ ಎಣ್ಣೆ ಬದಲಿಸಬೇಕಾಗುತ್ತದೆ, ಮಲೆನಾಡಿನ ಕೆಸರಿನಲ್ಲಿ ಅದಕ್ಕೂ ಮೊದಲೇ. 60 ಸಾವಿರದೊಳಗೆ ಎರಡೂ ಕಡೆ ಸಸ್ಪೆನ್ಷನ್ ಕೊಡುತ್ತೇವೆ ಎನ್ನುವವರು ಬೇರೆಲ್ಲೋ ಉಳಿತಾಯ ಮಾಡಿರುತ್ತಾರೆ, ಸಾಮಾನ್ಯವಾಗಿ ಬ್ರೇಕಿನಲ್ಲಿ. ಮುಂದೆ ಮಾತ್ರ 100 ಮಿ.ಮೀ. ಗಾಳಿಯ ಫೋರ್ಕಿರುವ ಹಾರ್ಡ್‌ಟೇಲ್ ನಿಮಗೆ ಸರಿಹೊಂದುತ್ತದೆ. ಸವಾರ ಕೂತಾಗ ಅದು ತನ್ನ ಒಟ್ಟು ಚಲನೆಯ ಶೇ. 20ರಿಂದ 25ರಷ್ಟು ಕುಸಿಯುವಂತೆ ಗಾಳಿ ಹೊಂದಿಸಬೇಕು. ಫೋರ್ಕಿನ ಕಾಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ ಕೂತು ಇಳಿದರೆ ಎಷ್ಟು ಕುಸಿಯಿತೆಂದು ಅದೇ ತೋರಿಸುತ್ತದೆ. ಈಗಿರುವ ಹೈಬ್ರಿಡ್ಡಿನ ಸ್ಪ್ರಿಂಗ್ ಫೋರ್ಕು ಹೆಚ್ಚೂಕಡಿಮೆ ಎರಡೂವರೆ ಕೆ.ಜಿ. ತೂಗುತ್ತದೆ, ಮೂರು ಮಳೆಗಾಲ ಕಂಡ ಅದರ ಉಕ್ಕಿನ ಕಾಲುಗಳಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿ. ಹಿಡಿದಿದ್ದರೆ ಅದೇ ಎತ್ತರದ, ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕನ್ನು ಹಾಕಿಸಿಕೊಳ್ಳಿ, ಡಿಸ್ಕ್ ಬ್ರೇಕು ಕೂರಿಸುವ ಜಾಗ ಅದರಲ್ಲಿರಲಿ.

ಇಷ್ಟು ಹೊತ್ತು ಯಾರೂ ಬ್ರೇಕಿನ ಮಾತೆತ್ತಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಆಗುಂಬೆಯ ಘಾಟಿಯನ್ನು ಮಳೆಯಲ್ಲಿ ಇಳಿಯುವವರು ಮೊದಲು ನೋಡಬೇಕಾದದ್ದು ಅದನ್ನೇ. ಪ್ಯಾಡಿನ ಮೇಲಿನ ಉಜ್ಜುವ ಪದಾರ್ಥ ಅರ್ಧ ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ನಾನಂತೂ ಒಂದು ಮಿ.ಮೀ.ಗೇ ಬದಲಿಸುತ್ತೇನೆ, ಏಕೆಂದರೆ ಕೆಸರುನೀರಿನಲ್ಲಿ ಒಂದೇ ಉದ್ದ ಇಳಿತಕ್ಕೆ ರೆಸಿನ್ ಪ್ಯಾಡು ಅರ್ಧಕ್ಕರ್ಧ ಕರಗಿದ್ದನ್ನು ಕಂಡಿದ್ದೇನೆ. ಲೋಹ ಬೆರೆತ ಪ್ಯಾಡು ಮಳೆಯಲ್ಲಿ ಹೆಚ್ಚು ಬಾಳುತ್ತದೆ, ಕಿರುಚುವುದೂ ಹೆಚ್ಚು. ಆದರೆ ಕಡಿಮೆ ಬೆಲೆಯ ಹಲವು ಡಿಸ್ಕುಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ಅವಕ್ಕೆ ಲೋಹದ ಪ್ಯಾಡು ಹಾಕಿದರೆ ಡಿಸ್ಕೇ ಬೇಗ ಸವೆದುಹೋಗುತ್ತದೆ. ಕೇಬಲ್ ಬ್ರೇಕಿನಲ್ಲಿ ಪ್ಯಾಡು ಸವೆದಂತೆಲ್ಲ ಲಿವರು ಹ್ಯಾಂಡಲ್ಲಿಗೆ ಹತ್ತಿರವಾಗುತ್ತದೆ, ಆಗಾಗ ಹೊಂದಿಸಿಕೊಳ್ಳಬೇಕು. ಚೈನಿಗೆ ಎಣ್ಣೆ ಹಾಕುವಾಗ ಡಿಸ್ಕಿಗೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿ; ಒಂದು ಹನಿ ತಗಲಿದರೂ ಪ್ಯಾಡು ಅದನ್ನು ಹೀರಿಕೊಂಡು ಹಿಡಿತ ಬಿಡುತ್ತದೆ. ಇಳಿಯುವಾಗ ಉದ್ದಕ್ಕೂ ಬ್ರೇಕು ಹಿಡಿದೇ ಇರಬೇಡಿ; ತಿರುವಿಗೆ ಮೊದಲು ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವು ದಾಟಿದ ಮೇಲೆ ಪೂರ್ತಿ ಬಿಟ್ಟು ಡಿಸ್ಕಿಗೆ ಗಾಳಿ ಆಡಲು ಬಿಡಿ.

ಮುಂದೆ ಎಣ್ಣೆಯ ಒತ್ತಡದ ಹೈಡ್ರಾಲಿಕ್ ಬ್ರೇಕಿನ ಸೈಕಲ್ಲು ಕೊಂಡರೆ, ಅದಕ್ಕೆ ಮಿನರಲ್ ಆಯಿಲೋ ಕಾರಿನದರಂಥ ಡಾಟ್ ದ್ರವವೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ.

ಹಳೇ ಫ್ರೀವೀಲ್

ಗಿರಿಯಂಚು ಅವರು ಬ್ರೇಕಿನ ಬಗ್ಗೆ ಹೇಳಿದ್ದು ಅಕ್ಷರಶಃ ಸರಿ. ನಾನು ಮರೆತದ್ದಕ್ಕೆ ಮೈಸೂರಿನ ರಸ್ತೆಗಳೇ ಕಾರಣವಿರಬೇಕು.

ಬ್ರೆವೆಯ ಬಗ್ಗೆ ಒಂದು ಲೆಕ್ಕ. 200 ಕಿ.ಮೀ.ಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ. ಇದಕ್ಕೆ ರೇಸಿನ ಸೈಕಲ್ಲು ಬೇಕಿಲ್ಲ. ಹನ್ನೆರಡು ಗಂಟೆ ಕೂರಬಲ್ಲ ಸೀಟು, ಪ್ಯಾಡಿರುವ ಚಡ್ಡಿ, ಕತ್ತಲಲ್ಲಿ ಕಡ್ಡಾಯವಾದ ಮುಂದಿನ ಹಿಂದಿನ ದೀಪಗಳು, ಬೆಳಕಿಗೆ ಹೊಳೆಯುವ ಜಾಕೆಟ್ಟು, ಇವು ಬೇಕು. ಸೀಟಿನ ಎತ್ತರವನ್ನು, ಪೆಡಲು ಕೆಳತುದಿಯಲ್ಲಿದ್ದಾಗ ಹಿಮ್ಮಡಿ ಇಟ್ಟರೆ ಮೊಣಕಾಲು ನೇರವಾಗುವಂತೆ ಹೊಂದಿಸಿ ಶುರುಮಾಡಿ.

ಒಂದು ವೇಳೆ ರೋಡ್ ಬೈಕನ್ನೇ ಕೊಂಡರೆ ಫ್ರೇಮಿನ ಬಣ್ಣಕ್ಕಿಂತ ಮೊದಲು ಹಲ್ಲುಗಳನ್ನು ಎಣಿಸಿ. ಮುಂದೆ 36, ಹಿಂದೆ 28 ಇರುವ ಸೈಕಲ್ಲಿನ ಅತ್ಯಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 9.7 ಕಿ.ಮೀ.; ಘಾಟಿಯಲ್ಲಿ ಅದಕ್ಕಿಂತ ನಿಧಾನವಾದರೆ ಕಾಲು ಕಟ್ಟಿಕೊಳ್ಳುತ್ತದೆ. ಮುಂದೆ 34, ಹಿಂದೆ 34 ಇದ್ದರೆ ಅದೇ ಸುತ್ತಿಗೆ 7.6 ಕಿ.ಮೀ. ನಿಮ್ಮ ಹೈಬ್ರಿಡ್ಡಿನ 28-32ರಲ್ಲಿ 6.6 ಕಿ.ಮೀ. ನೀವು ಆಗುಂಬೆಯನ್ನು ಮತ್ತೆ ಹತ್ತಿ ಬರುತ್ತಿರುವುದು ಈ ಪುಟ್ಟ ರಿಂಗಿನ ಕೃಪೆಯಿಂದ; ಮಾರುವ ಮೊದಲು ಅದನ್ನು ನೆನೆಯಿರಿ.

ತುಂಗೆಯ ದಡ

ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಕ್ಯಾಸೆಟ್ ಬದಲಾಯಿತು. 38ರ ರಿಂಗಿನ ಹಲ್ಲುಗಳು ಇನ್ನೂ ನೆಟ್ಟಗಿವೆ. ನಿನ್ನೆ ಏರಿನಲ್ಲಿ ಅಂಜುತ್ತಲೇ ಎದ್ದು ತುಳಿದೆ, ಒಮ್ಮೆಯೂ ಜಾರಲಿಲ್ಲ. ಬ್ರೇಕಿನ ಪ್ಯಾಡು ಬಿಚ್ಚಿ ನೋಡಿದಾಗ ಮಾತ್ರ ಬೆವರಿತು: ಹಿಂದಿನದರಲ್ಲಿ ಒಂದು ಕಡೆ ಪದಾರ್ಥವೇ ಉಳಿದಿರಲಿಲ್ಲ, ಬರಿಯ ತಗಡು ಡಿಸ್ಕನ್ನು ಗೀರುತ್ತಿತ್ತು. ಪ್ಯಾಡು, ಡಿಸ್ಕು ಎರಡನ್ನೂ ತರಿಸಿದ್ದೇನೆ. ಅವು ಬಂದು ಕೂರುವವರೆಗೆ ಘಾಟಿ ಇಳಿಯುವುದಿಲ್ಲ. ಫೋರ್ಕಿನ ಕಾಲಿಗೆ ತುಕ್ಕು ಹಿಡಿದಿದೆ, ಅದರ ಸರದಿ ಮುಂದಿನ ಸಂಬಳಕ್ಕೆ. ಬ್ರೆವೆಯನ್ನು ಈ ಸೈಕಲ್ಲಿನಲ್ಲಿಯೇ 32ರ ಟೈರು ಹಾಕಿ ಮಾಡುವುದೆಂದು ನಿಶ್ಚಯಿಸಿದೆ; ಹಾರ್ಡ್‌ಟೇಲಿನ ವಿಚಾರವನ್ನು ಅದು ಮುಗಿದ ಮೇಲೆ ಇಲ್ಲಿಯೇ ಕೇಳುತ್ತೇನೆ.

ಹಳೆಯ ಚೈನನ್ನು ತೊಳೆದು ಎಂಟನೆಯ ತರಗತಿಗೆ ಒಯ್ದು, ಶೇಕಡಾವಾರು ಪಾಠಕ್ಕೆ ಹಲಗೆಯ ಪಕ್ಕದ ಮೊಳೆಗೆ ಹೊಸ ಚೈನಿನ ಜೊತೆಯಲ್ಲಿ ಜೋತುಹಾಕಿದೆ. ಅಳೆದು, ಭಾಗಿಸಿ, 1.29 ಎಂದು ಮಕ್ಕಳೇ ಹೇಳಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಹಾಗಾದರೆ ಹೊಸದನ್ನು ಇಲ್ಲಿಗೆ ತಂದು ಇವತ್ತು ನೀವು ಶಾಲೆಗೆ ಹೇಗೆ ಬಂದಿರಿ ಸಾರ್ ಎಂದು ಕೇಳಿದ. ಬಸ್ಸಿನಲ್ಲಿ ಎಂದೆ.